ಬೋರಜ್ಜಿಯ ಚೀಲದ ಬಕಲು

ಬಾ ಕಂದಾ, ಈ ಕಡೆ ತಿರುಗಿ ಮಲಕ್ಕೋ, ಕಾಲು ನನ್ನ ಮೇಲೆ ಹಾಕ್ಕೋ, ಕಂಬಳಿ ಎಳಕ್ಕೋ. ಇಸ್ಕೂಲ್ ಬ್ಯಾಗಿನ ಬಕಲು ಕಿತ್ತೋಯ್ತು ಅಂತ ಸಂಜೆಯಿಂದ ಮುಖ ಊದಿಸ್ಕೊಂಡಿದೀಯಲ್ಲ, ಇವತ್ತು ಬಕಲಿನ ಕತೆನೇ ಹೇಳ್ತೀನಿ ಕೇಳು. ಮಧ್ಯೆ ಮಧ್ಯೆ ಹೂಂ ಅನ್ನಬೇಕು. ನೀನು ಹೂಂ ಅನ್ನೋದು ಬಿಟ್ರೆ ಕತೆ ಮುಂದಕ್ಕೆ ಹೋಗದೆ ದಾರೀಲೇ ಕೂತುಬಿಡುತ್ತೆ.

ಒಂದಾನೊಂದು ಕಾಲದಲ್ಲಿ, ಕುದುರೆಗೆ ಮನುಷ್ಯರಿಗಿಂತ ಒಂದು ಕೈ ಜಾಸ್ತಿ ಮರ್ಯಾದೆ ಇದ್ದ ಕಾಲದಲ್ಲಿ, ಒಂದು ಗುಡ್ಡ ಇತ್ತಂತೆ, ಗುಡ್ಡದ ಮೇಲೆ ಅರಮನೆ, ಗುಡ್ಡದ ಕೆಳಗೆ ಪೇಟೆ. ಆ ಪೇಟೇಲಿ ಚೌಡಪ್ಪ ಅಂತ ಒಬ್ಬ ಜೀನಗಾರ ಇದ್ನಂತೆ. ಜೀನಗಾರ ಅಂದ್ರೆ ಕುದುರೆಗೆ ಜೀನು ಹೊಲಿಯೋನು, ಜೊತೆಗೆ ಹೆಗಲ ಚೀಲ, ಸೊಂಟದ ಚೀಲ, ಎಲ್ಲಾ ಚೀಲಾನೂ ಹೊಲಿಯೋನು. ಅವನಿಗೆ ಮೂರು ಮಕ್ಕಳು. ದೊಡ್ಡವನು ನಂಜಪ್ಪ, ನಡುವಿನವನು ಬಯ್ಯಣ್ಣ, ಕೊನೇದು ಹೆಣ್ಣು, ಚಿಕ್ಕೀರಿ ಅಂತ. ಚೌಡಪ್ಪ ಯಾವಾಗ್ಲೂ ಹೇಳೋನಂತೆ, ತೊಗಲು ಯಾರು ಬೇಕಾದ್ರೂ ಹೊಲೀತಾರೆ, ಪಟ್ಟಿಗೆ ಯಾವ ಬಕಲು, ಯಾವ ಬಳೆ, ಯಾವ ಕೊಕ್ಕೆ ಅಂತ ಆರಿಸೋನೇ ಜೀನಗಾರ ಅಂತ. ಅವರ ಮನೇಲಿ ಮುತ್ತಾತನ ಕಾಲದ ಒಂದು ದೊಡ್ಡ ಕುಕ್ಕೆ ಇತ್ತಂತೆ, ಅದರ ತುಂಬ ಬಕಲು, ಕೊಕ್ಕೆ, ಬಳೆ, ಕೈಬಳೆ ಅಲ್ಲ, ಪಟ್ಟಿ ಪೋಣಿಸೋ ಬಳೆ. ಹಿತ್ತಾಳೆದು, ಬೆಳ್ಳೀದು, ಕಬ್ಬಿಣದ್ದು, ಕುದುರೇದು, ಒಂಟೇದು, ಎಲ್ಲಾ ಒಂದರ ಮೇಲೊಂದು ಬಿದ್ಕೊಂಡಿರೋವು.

ಅಣ್ಣಂದಿರು ಮಣೆ ಮೇಲೆ ಕೂತು ಹೊಲಿಯೋರು. ಚಿಕ್ಕೀರಿ ಕೆಲಸ ಏನು ಅಂದ್ರೆ ಹಿತ್ತಲಲ್ಲಿ ಕೂತು ಹುಣಸೇಹಣ್ಣು, ಮರಳು ಹಾಕಿ ಆ ಬಕಲುಗಳ ತುಕ್ಕು ಉಜ್ಜೋದು. ಉಜ್ಜೀ ಉಜ್ಜೀ ಆ ಕುಕ್ಕೇಲಿರೋದೆಲ್ಲಾ ಅವಳ ಬೆರಳಿಗೆ ಪಾಠ ಆಗಿತ್ತಂತೆ. ಅವಳಿಗೆ ಒಂದೇ ಒಂದು ಆಸೆ, ತಾನು ಉಜ್ಜಿದ ಒಂದು ಬಕಲನ್ನ ತಾನೇ ಆರಿಸಿ, ತಾನೇ ಒಂದು ಪಟ್ಟಿಗೆ ಹಾಕಬೇಕು ಅಂತ. ಕೇಳಿದ್ರೆ ನಂಜಪ್ಪ, ನೀನು ಹೊಳಪು ಮಾಡೇ ತಾಯಿ, ಹೊಲಿಯೋಕೆ ನಾವಿದೀವಿ ಅನ್ನೋನು.

ಹಿಂಗಿರೋವಾಗ ಒಂದು ದಿನ ಸೂಲಗಿತ್ತಿ ಬೋರಜ್ಜಿ ಬುಸುಬುಸು ಅಂತ ಅಂಗಡಿಗೆ ನುಗ್ಗಿದ್ಲಂತೆ. ಆ ಪೇಟೇಲಿ ಹುಟ್ಟಿದೋರೆಲ್ಲಾ ಬೋರಜ್ಜಿ ಕೈಮೇಲೇ ಹುಟ್ಟಿದೋರು. ಅವಳ ಚೀಲಕ್ಕೆ ಬಾಯಿ ಮುಚ್ಚೋಕೂ ಹೆಗಲಿಗೆ ಹಾಕೋಕೂ ಒಂದೇ ಪಟ್ಟಿ, ಅದು ಹರಿದು ಚೀಲ ಹಳ್ಳಕ್ಕೆ ಬಿದ್ದು, ಹರಳೆಣ್ಣೆ ಬುಡ್ಡಿ ಒಡೆದು, ಬಟ್ಟೆ, ನೂಲುಂಡೆ, ಓಮದ ಗಂಟು ಎಲ್ಲಾ ನೀರುಪಾಲು. ಎಲಾ ಚೌಡ, ಅರಮನೇಲಿ ರಾಣಿಗೆ ಹನ್ನೆರಡು ವರ್ಷದ ಮೇಲೆ ಬಸುರು ನಿಂತಿದೆ, ಎಂಟು ತಿಂಗಳು ತುಂಬಿತು, ಕರೆ ಬಂದಾಗ ಚೀಲ ಕೈಕೊಟ್ರೆ ರಾಣಿ ಗತಿ ಏನು, ಕೂಸಿನ ಗತಿ ಏನು, ನಂಗೊಂದು ಚೀಲ ಮಾಡಿಕೊಡು ಅಂದ್ಲಂತೆ.

ಚೌಡಪ್ಪನಿಗೆ ಆಗಲೇ ಕಣ್ಣು ಮಂಜಾಗಿತ್ತು, ಸೂಜೀಗೆ ದಾರ ಪೋಣಿಸೋಕೂ ಆಗ್ತಿರಲಿಲ್ಲ. ಅವನು ಮಕ್ಕಳನ್ನ ಕರೆದು ಹೇಳಿದ್ನಂತೆ, ನನ್ನ ಕೈಯಲ್ಲಿ ಇನ್ನಾಗಲ್ಲ, ಯಾರು ಮಾಡಿಕೊಟ್ಟ ಚೀಲಾನ ಬೋರಜ್ಜಿ ವಾಪಸ್ ತರೋದಿಲ್ಲವೋ ಅವರಿಗೆ ನನ್ನ ಮಣೆ, ನನ್ನ ದಬ್ಬಳ, ನನ್ನ ಕುಕ್ಕೆ ಅಂತ.

ಆಮೇಲೆ ಚಿಕ್ಕೀರಿ ಹುಣಸೇ ಕೈ ಸೀರೆಗೆ ಒರೆಸ್ಕೊಂಡು ಬಂದು, ಅಪ್ಪಾ, ನಾನೂ ಮಾಡ್ತೀನಿ ಅಂದ್ಲಂತೆ. ಅಣ್ಣಂದಿರು ಹೊಟ್ಟೆ ಹಿಡ್ಕೊಂಡು ನಕ್ರಂತೆ. ಚೌಡಪ್ಪ ಮೀಸೆ ಕಚ್ಚಿಕೊಂಡು ಯೋಚನೆ ಮಾಡ್ತಿರೋವಾಗ ಬೋರಜ್ಜಿ ಅಂದ್ಲಂತೆ, ಮಾಡ್ಲಿ ಬಿಡೋ, ನೀನು ಹುಟ್ಟಿದಾಗ ಇಷ್ಟುದ್ದ ಇದ್ದೆ, ಕಪ್ಪೆ ಥರ, ನಿಮ್ಮಪ್ಪ ಇದೇನು ಉಳಿಯುತ್ತಾ ಅಂದಿದ್ದ, ಈಗ ನೋಡು ಬಾಗಿಲು ತುಂಬ ಇದೀಯ. ಚೌಡಪ್ಪನಿಗೆ ನಾಚಿಕೆ ಆಗಿ, ಸರಿ, ಆದ್ರೆ ಕೊನೇಗೆ ಮಾಡು, ನಿನ್ನ ಚೀಲ ವಾಪಸ್ ಬಂತೋ, ಆಮೇಲೆ ದಬ್ಬಳದ ಮಾತೇ ಎತ್ತೋ ಹಾಗಿಲ್ಲ, ಕೊನೇವರೆಗೂ ತುಕ್ಕು ಉಜ್ಜೋದೇ ಅಂದ್ನಂತೆ. ಚಿಕ್ಕೀರಿ ಹೂಂ ಅಂದ್ಲು. ನೀನೂ ಹೂಂ ಅನ್ನು. ಹಾಂ.

ಮೊದಲು ನಂಜಪ್ಪ ಕುಕ್ಕೆ ಮುಂದೆ ಕೂತ್ನಂತೆ. ಅರಮನೆಗೆ ಹೋಗೋ ಚೀಲ, ನೋಡಿದೋರು ಹಾಂ ಅನ್ನಬೇಕು ಅಂತ ಅಂಗೈಯಗಲದ ಹಿತ್ತಾಳೆ ಬಕಲು ಆರಿಸಿದ್ನಂತೆ, ಅದರ ಮೇಲೆ ಸಿಂಹದ ಮುಖ, ಪಟ್ಟಿ ತೂತಿಗೆ ಚುಚ್ಚೋ ಮುಳ್ಳು ಒಂದಲ್ಲ ಅಂತ ಎರಡು. ಪಟ್ಟಿ ಎರಡು ಬೆರಳು ಅಗಲ, ಬಕಲು ನಾಲ್ಕು ಬೆರಳು. ಬೋರಜ್ಜಿ ಅದನ್ನ ಹೆಗಲಿಗೆ ಹಾಕ್ಕೊಂಡು ಕುಂಬಾರರ ಮನೆ ಹೆರಿಗೆಗೆ ಹೋದ್ಲಂತೆ. ಹೋಗಿ ಕೈಗೆ ಎಣ್ಣೆ ಹಚ್ಕೊಂಡು ಹೊಕ್ಕುಳಬಳ್ಳಿ ಕಟ್ಟೋ ನೂಲು ತೆಗೆಯೋಣ ಅಂದ್ರೆ ಆ ಪಟ್ಟಿ ಬಕಲೊಳಗೆ ಅತ್ತಿಂದಿತ್ತ ಜಾರಿ ಓರೆಯಾಗಿ ಸಿಕ್ಕೊಂಡಿದೆ, ಒಂದು ಮುಳ್ಳು ಬಿಡಿಸಿದ್ರೆ ಇನ್ನೊಂದು ಹಿಡ್ಕೊಳ್ಳುತ್ತೆ, ಎಣ್ಣೆ ಕೈ ಜಾರುತ್ತೆ, ಹಲ್ಲಲ್ಲಿ ಎಳೆದ್ಲು, ಮೊಣಕಾಲಲ್ಲಿ ಒತ್ತಿದ್ಲು, ಊಹೂಂ. ಬೋರಜ್ಜಿ ಸಿಂಹದ ಜೊತೆ ಕುಸ್ತಿ ಆಡ್ತಿರೋವಾಗ್ಲೇ ಕುಂಬಾರರ ಕೂಸು ತಾನೇ ತಾನಾಗಿ ಹುಟ್ಟಿ, ಈ ಮುದುಕಿ ಏನು ಮಾಡ್ತಿದಾಳೆ ಅಂತ ಪಿಳಿಪಿಳಿ ನೋಡ್ತಿತ್ತಂತೆ! ಬೋರಜ್ಜಿ ಸೀದಾ ಅಂಗಡಿಗೆ ಬಂದು, ತಗೋ ನಂಜಪ್ಪ ನಿನ್ನ ಸಿಂಹ, ಇದಕ್ಕೆ ಕುರಿ ಮಾಂಸ ಹಾಕು, ನನ್ನ ಉಗುರು ತಿಂದು ಅದರ ಹೊಟ್ಟೆ ತುಂಬಿಲ್ಲ ಅಂತ ಚೀಲ ಬಿಸಾಕಿ ಹೋದ್ಲಂತೆ.

ಆಮೇಲೆ ಬಯ್ಯಣ್ಣ, ಅಣ್ಣಂದು ಬಿಚ್ಚೋಕೆ ಕಷ್ಟ ಆಯ್ತು ತಾನೆ, ನನ್ನದು ಬೆಣ್ಣೆ ಥರ ಬಿಚ್ಚುತ್ತೆ ನೋಡು ಅಂತ ಬಕಲೇ ಬೇಡ ಅಂದು, ಬಾಯಿ ಅಗಲ ತೆರೆದಿರೋ ಬೆಳ್ಳಿ ಕೊಕ್ಕೆ ಹಾಕಿದ್ನಂತೆ, ಅಂದ ಇರಲಿ ಅಂತ ಪಟ್ಟಿ ಉದ್ದಕ್ಕೂ ಒಂಬತ್ತು ಬೆಳ್ಳಿ ಬಳೆ. ಬೋರಜ್ಜಿ ಅದನ್ನ ಹಾಕ್ಕೊಂಡು ಕುರುಬರ ಹಟ್ಟಿಗೆ ಹೋದ್ಲಂತೆ. ಹೆರಿಗೆ ಸಲೀಸಾಗಿ ಆಯ್ತು, ಕೂಸು ಅತ್ತು ಅತ್ತು ಈಗ ತಾನೆ ಕಣ್ಣು ಮುಚ್ಚಿತು, ಬೋರಜ್ಜಿ ಮೆಲ್ಲಗೆ ಎದ್ಲು, ಝಲ್ ಝಲ್! ಕೂಸು ಕಿಟಾರಂತ ಎದ್ದಿತು. ಮತ್ತೆ ತಟ್ಟಿ ಮಲಗಿಸಿದ್ರು, ಮತ್ತೆ ಎದ್ಲು, ಝಲ್ ಝಲ್! ಮೂರನೇ ಸಲಕ್ಕೆ ಬಾಣಂತಿ ಅತ್ತೆ, ಅಜ್ಜೀ, ನಿಂಗೆ ಕೈಮುಗೀತೀನಿ, ಒಂದೋ ಇಲ್ಲೇ ಕೂತಿರು, ಇಲ್ಲಾ ಗಾಳೀಲಿ ಹಾರ್ಕೊಂಡು ಹೋಗು ಅಂದ್ಲಂತೆ. ಹಂಗೂ ಹಿಂಗೂ ಆಚೆ ಬಂದ್ರೆ, ಹಟ್ಟೀಲಿದ್ದ ಕುರಿಗಳು ಆ ಸದ್ದು ಕೇಳಿ, ಓಹೋ ನಮ್ಮ ಮುಂದಾಳು ಟಗರಿನ ಗಂಟೆ ಅಂದ್ಕೊಂಡು ಸಾಲಾಗಿ ಅವಳ ಹಿಂದೇನೇ ಹೊರಟ್ವಂತೆ. ಹಚಾ ಹಚಾ ಅಂತ ಓಡಿಸೋಕೆ ತಿರುಗಿದ್ರೆ ಆ ಬಾಯಿ ತೆರೆದ ಕೊಕ್ಕೆ ಜಾಲಿ ಕೊಂಬೆಗೆ ಸಿಕ್ಕಿ ಕಳಚ್ಕೊಂಡು ಚೀಲ ಕೆಳಗೆ ಬಿತ್ತು, ಓಮದ ಗಂಟನ್ನ ಟಗರು ತಿಂದು ತೇಗಿತು. ಸಂಜೆ ಬೋರಜ್ಜಿ ಮೂವತ್ತು ಕುರಿ ಸಮೇತ ಚೌಡಪ್ಪನ ಬಾಗಿಲಿಗೆ ಬಂದು, ಬಯ್ಯಣ್ಣಾ, ಚೀಲಾನೂ ನಿಂದೇ, ಕುರೀನೂ ನಿಂದೇ, ನೀನೇ ಹೋಗಿ ಬಿಟ್ಟು ಬಾ ಅಂದ್ಲಂತೆ.

ಕೊನೇಗೆ ಚಿಕ್ಕೀರಿ ಸರದಿ. ಅವಳು ಕುಕ್ಕೆ ಹತ್ರ ಹೋಗಲೇ ಇಲ್ಲವಂತೆ. ಅಣ್ಣಂದಿರು, ನೋಡು, ಹೆದರಿ ಓಡಿಹೋದ್ಲು ಅಂದ್ಕೊಂಡ್ರು. ಅವಳು ಹೋಗಿದ್ದು ಬೋರಜ್ಜಿ ಮನೆಗೆ. ಮೊದಲು ಆ ಹಳೇ ಹರಿದ ಪಟ್ಟಿ ತೆಗೆದು ಬೆರಳಾಡಿಸಿ ನೋಡಿದ್ಲಂತೆ. ಬಳೆ ಬೆಸುಗೆ ಹಾಕಿದ ಜಾಗದಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಮುಳ್ಳು ಎದ್ದಿತ್ತು, ಅದು ದಿನಾ ಒಂದೊಂದೆಳೆ ಕೊಯ್ದು ಕೊಯ್ದು ಪಟ್ಟೀನ ಹರಿದುಹಾಕಿತ್ತು. ಆಮೇಲೆ ಮೂರು ದಿನ, ಮೂರು ಹೆರಿಗೆಗೆ, ಸಾಮಾನೆಲ್ಲಾ ಮಡಿಲಲ್ಲಿ ಕಟ್ಕೊಂಡು ಬೋರಜ್ಜಿ ಹಿಂದೇನೇ ಹೋದ್ಲಂತೆ, ಒಂದು ಮಾತಿಲ್ಲ, ಬರೀ ನೋಡೋದು. ಮೂರನೇ ದಿನ ಅವಳಿಗೆ ಹೊಳೀತಂತೆ. ಬೋರಜ್ಜಿ ಬಲಗೈ ಹೆರೋ ಹೆಂಗಸಿನ ಕೈಯಲ್ಲಿರುತ್ತೆ. ನೋವು ಬಂದಾಗೆಲ್ಲಾ ಅವರು ಆ ಕೈಯನ್ನೇ ಹಿಂಡೋದು. ಕಣ್ಣು ಅವರ ಮುಖದ ಮೇಲಿರುತ್ತೆ. ಸಾಮಾನಿಗೆ ಹೋಗೋದು ಎಡಗೈ, ಒಂದೇ ಕೈ, ಅದೂ ಎಣ್ಣೆ ಕೈ, ನೋಡದೇನೇ! ಇಷ್ಟು ವರ್ಷ ಪೇಟೇಲಿ ಯಾರೂ ಇದನ್ನ ನೋಡಿರಲಿಲ್ಲ. ಜೀನಗಾರರು ಹಾಕೋ ಬಕಲೆಲ್ಲಾ ಕುದುರೆ ಸವಾರರ ಬಲಗೈಗೆ ಹಾಕಿ ಹಾಕಿ ರೂಢಿ, ಬೋರಜ್ಜಿಗೂ ಹಂಗೇ ಹಾಕಿಬಿಡೋರು.

ಚಿಕ್ಕೀರಿ ಓಡೋಡಿ ಬಂದು ಕುಕ್ಕೇನ ಅಂಗಳಕ್ಕೆ ಸುರಿದ್ಲಂತೆ. ಒಂದು ಚಿಟಿಕೆ ಅರಳೆ ತಗೊಂಡು ಒಂದೊಂದು ಬಳೆಯೊಳಗೂ ಸುತ್ತ ಎಳೆದ್ಲಂತೆ. ಅರಳೆ ಎಲ್ಲಿ ಚೂರು ಸಿಕ್ಕೊಂಡ್ರೂ ಆ ಬಳೆ ಆ ಕಡೆಗೆ. ಉಳಿದದ್ದನ್ನ ಕಲ್ಲಿನ ಮೇಲೆ ಬಡಿದು ನೋಡಿದ್ಲು, ಟಣ್ ಅಂದದ್ದು ಈ ಕಡೆಗೆ, ಟಪ್ ಅಂದದ್ದು ಒಳಗೆ ಬಿರುಕು, ಅದೂ ಆ ಕಡೆಗೆ. ಪಟ್ಟಿ ಇಟ್ಟು ಅಳೆದು ನೋಡಿದ್ಲು, ಅಗಲ ಆದ್ರೆ ಪಟ್ಟಿ ಜಾರುತ್ತೆ, ಕಿರಿದಾದ್ರೆ ಮಡಚ್ಕೊಳ್ಳುತ್ತೆ. ಕೊನೇಗೆ ಕೈಗೆ ಎಣ್ಣೆ ಹಚ್ಕೊಂಡು, ಕಣ್ಣು ಮುಚ್ಕೊಂಡು, ಎಡಗೈ ಒಂದರಲ್ಲೇ ಒಂದೊಂದು ಬಕಲು ಹಾಕೋದು ತೆಗೆಯೋದು, ಹಾಕೋದು ತೆಗೆಯೋದು. ಹಂಗೆ ಮಾಡಿ ಮಾಡಿ ಕುಕ್ಕೆ ತಳದಿಂದ ಅವಳ ಕೈಗೆ ಹತ್ತಿದ್ದು ಒಂದು ಕಪ್ಪು ಕಬ್ಬಿಣದ ಬಕಲು, ಮುತ್ತಾತನ ಮುದಿ ಕುದುರೆಯ ಹೊಟ್ಟೆಪಟ್ಟೀದು, ಸವೆದು ಸವೆದು ಹುಣಸೇಬೀಜದ ಥರ ನುಣ್ಣಗಾಗಿತ್ತು, ಸದ್ದಿಲ್ಲ, ಹೊಳಪಿಲ್ಲ. ಅದನ್ನ ಎಡಗೈಗೆ ಬಿಚ್ಚೋ ಹಾಗೆ ತಿರುಗಿಸಿ ಹೊಲಿದ್ಲು, ಎರಡು ಬಳೆ ಹಾಕಿದ್ಲು, ಬುಡ್ಡಿ ತೂಗುಹಾಕೋಕೆ ಒಂದು ಕೊಕ್ಕೆ, ಅದರ ಬಾಯಿ ಮೈ ಕಡೆಗೆ, ಎಲ್ಲೂ ಸಿಕ್ಕಬಾರದು ಅಂತ ಬಾಯಿಗೆ ತೊಗಲಿನ ಒಂದು ನಾಲಗೆ.

ನಂಜಪ್ಪ, ಅಯ್ಯೋ, ಸತ್ತ ಕುದುರೆ ಹೊಟ್ಟೆ ಬಕಲು ಅರಮನೆಗೆ ಹೋಗುತ್ತಂತೆ ಅಂದ. ಬಯ್ಯಣ್ಣ, ರಾಣಿ ನೋಡಿದ್ರೆ ಕೂಸು ಹೆದರಿ ಒಳಗೇ ಉಳ್ಕೊಳ್ಳುತ್ತೆ ಅಂದ. ಚೌಡಪ್ಪ ಮಾತ್ರ ಅದರ ಮೇಲೆ ಹೆಬ್ಬೆರಳು ಆಡಿಸಿ ನೋಡಿ, ಚೀಲಾನ ಬೋರಜ್ಜಿಗೆ ಕಳಿಸಿದ.

ಅವತ್ತೇ ಮಧ್ಯಾಹ್ನ ಅರಮನೆಯಿಂದ ಕರೆ ಬಂದುಬಿಡ್ತಂತೆ. ಬೋರಜ್ಜಿ ಚೀಲ ಹೆಗಲಿಗೆ ಏರಿಸ್ಕೊಂಡು ಗುಡ್ಡ ಹತ್ತಿದ್ಲು. ಚಿಕ್ಕೀರಿಗೆ ಊಟ ಸೇರಲಿಲ್ಲ, ಹಿತ್ತಲಿಗೂ ಬೀದಿಬಾಗಿಲಿಗೂ ಓಡಾಡಿದ್ಲು, ಉಜ್ಜಿದ ಬಕಲನ್ನೇ ಮತ್ತೆ ಉಜ್ಜಿದ್ಲು. ಹೊತ್ತು ಇಳೀತಾ ಗುಡ್ಡದ ಮೇಲೆ ನಗಾರಿ ಬಡೀತಂತೆ, ಗಂಡುಮಗು, ತಾಯೀನೂ ಕ್ಷೇಮ, ಕೂಸೂ ಕ್ಷೇಮ ಅಂತ. ಪೇಟೆಯೆಲ್ಲಾ ಕುಣೀತು. ಚಿಕ್ಕೀರಿ ಉಸಿರು ಬಿಡೋ ಅಷ್ಟರಲ್ಲಿ ಬೀದಿ ತುದೀಲಿ ಬೋರಜ್ಜಿ ಕಾಣಿಸಿದ್ಲು. ಹೆಗಲ ಮೇಲೆ ಚೀಲ. ತನ್ನ ಮನೆ ಕಡೆ ತಿರುಗಲಿಲ್ಲ, ಸೀದಾ ಇವರ ಬಾಗಿಲಿಗೇ ಬರ್ತಿದಾಳೆ. ಬಂತು ಬಂತು, ವಾಪಸ್ ಬಂತು ಅಂತ ಅಣ್ಣಂದಿರು ಚಪ್ಪಾಳೆ ಹೊಡೆದ್ರು. ಚಿಕ್ಕೀರಿ ಹೋಗಿ ಹುಣಸೇಹಣ್ಣಿನ ಬಟ್ಟಲು ಕೈಗೆತ್ಕೊಂಡ್ಲು.

ಬೋರಜ್ಜಿ ಒಳಗೆ ಬಂದು ಉಸ್ಸಪ್ಪಾ ಅಂತ ಕೂತ್ಲಂತೆ. ಬಲಗೈ ಎತ್ತಿ ತೋರಿಸಿದ್ಲು, ಕಡುಬಿನ ಥರ ಊದಿತ್ತು. ಕೇಳ್ರೋ, ಅರಮನೆ ಬಾಗಿಲಲ್ಲಿ ಕಾವಲಿನವನು ಈ ಕರೀ ಬಕಲು ಒಳಗೆ ಬೇಡ, ಜರಿ ಚೀಲ ಕೊಡ್ತೀವಿ ಅಂದ, ಹೆರೋಳು ರಾಣಿ ಕಣಪ್ಪಾ, ಬಕಲಲ್ಲ ಅಂತ ತಳ್ಳಿಕೊಂಡು ಹೋದೆ. ರಾಣಿ ಈ ಕೈ ಹಿಡ್ಕೊಂಡೋಳು ಬಿಡಲೇ ಇಲ್ಲ. ಕೂಸಿನ ಕೊರಳಿಗೆ ಹೊಕ್ಕುಳಬಳ್ಳಿ ಸುತ್ಕೊಂಡಿತ್ತು, ಮೈ ನೀಲಿ. ಒಂದೊಂದು ಗಳಿಗೆನೂ ಲೆಕ್ಕ. ಎಡಗೈ ಚೀಲದ ಮೇಲಿಟ್ಟೆ ಅಷ್ಟೆ, ಬಕಲು ಯಾವಾಗ ಬಿಚ್ಚಿತೋ ನೂಲು ಯಾವಾಗ ಕೈಗೆ ಬಂತೋ ನಂಗೇ ಗೊತ್ತಿಲ್ಲ, ಬಳ್ಳಿ ಕಟ್ಟಿ ಕೊಯ್ದು ಬಿಡಿಸಿದೆ, ಕೂಸು ಕಿರೋ ಅಂತು ಅಂದ್ಲಂತೆ.

ಹಂಗಾದ್ರೆ ಚೀಲ ಯಾಕೆ ವಾಪಸ್ ತಂದೆ ಅಂತ ನಂಜಪ್ಪ ಕೇಳಿದ್ನಂತೆ. ಯಾರೋ ವಾಪಸ್ ತಂದೋರು, ಮುಟ್ಟು ನೋಡೋಣ ಈ ಚೀಲ, ಕೈ ಮುರೀತೀನಿ ಅಂದ್ಲು ಬೋರಜ್ಜಿ. ಅಂದು, ಚಿಕ್ಕೀರಿ ಮುಖಾನೇ ನೋಡ್ತಾ, ಎಡಗೈ ಚೀಲದ ಮೇಲೆ ಇಟ್ಲು, ಬಕಲು ಸದ್ದಿಲ್ಲದೆ ಬಿಚ್ಚಿತು, ಅರಮನೆ ಕಲ್ಲುಸಕ್ಕರೆ ಒಂದು ಹರಳು ತೆಗೆದು ಚಿಕ್ಕೀರಿ ಬಾಯಿಗೆ ಹಾಕಿದ್ಲಂತೆ. ಚಿಕ್ಕೀರಿ ಅಳ್ತಾ ಅಳ್ತಾನೇ ಸಕ್ಕರೆ ಚೀಪಿದ್ಲು. ಆಮೇಲೆ ಚೌಡಪ್ಪ ಎದ್ದು, ತನ್ನ ಮಣೇನ ಪಂಚೇಲಿ ಒರೆಸಿ, ದಬ್ಬಳ ಅವಳ ಕೈಗಿಟ್ಟು, ಕೂತ್ಕೋ ಅಂದ್ನಂತೆ.

ಅಲ್ಲಿಂದ ನಂಜಪ್ಪ ಅರಮನೆ ಆನೆಗಳಿಗೆ ಸಿಂಹಮುಖದ ಬಕಲು ಹಾಕಿದ, ಆನೆ ಮೇಲೆ ಅದು ಎಷ್ಟು ದೊಡ್ಡದಿದ್ರೂ ಚೆನ್ನಾಗಿ ಕಾಣುತ್ತೆ, ಅವನೂ ಹಿಗ್ಗಿದ. ಬಯ್ಯಣ್ಣನ ಝಲ್ ಝಲ್ ಬಳೆಗೆ ಕುರುಬರು ದೂರ ದೂರದಿಂದ ಬಂದ್ರು, ಟಗರಿನ ಕೊರಳಪಟ್ಟಿಗೆ ಅವನದೇ ಬೇಕು ಅಂತ. ಚೌಡಪ್ಪ ಜಗುಲಿ ಮೇಲೆ ಕೂತು ಮಗಳಿಗೋಸ್ಕರ ಅರಳೆ ಎಳೆದು ಎಳೆದು ಬಳೆ ಆರಿಸೋನು, ಆ ಕೆಲಸಕ್ಕೆ ಕಣ್ಣು ಬೇಕಿಲ್ಲ ನೋಡು. ರಾಜಕುಮಾರ ದೊಡ್ಡವನಾಗಿ ಮಠಕ್ಕೆ ಓದೋಕೆ ಹೋದಾಗ ಅವನ ಹೆಗಲಲ್ಲಿದ್ದದ್ದು ಚಿಕ್ಕೀರಿ ಹೊಲಿದ ಚೀಲ. ಚಿಕ್ಕೀರಿಗೆ ಮದುವೆ ಆಗಿ ಮೂರು ಮಕ್ಕಳಾದ್ವು, ಮೂರೂ ಬೋರಜ್ಜಿ ಕೈಮೇಲೇ, ಅದೇ ಚೀಲದ ಪಕ್ಕದಲ್ಲೇ. ಬೋರಜ್ಜಿ ನೂರು ದಾಟಿದ ಮೇಲೆ ಆ ಚೀಲ ಅವಳ ಮೊಮ್ಮಗಳ ಹೆಗಲಿಗೆ ಹೋಯ್ತು, ಪಟ್ಟಿ ಮೂರು ಸಲ ಬದಲಾಯ್ತಂತೆ, ಬಕಲು ಮಾತ್ರ ಅದೇ ಕರೀ ಬಕಲು, ಇನ್ನೂ ನುಣ್ಣಗಾಗಿ.

ಅವರೆಲ್ಲಾ ಅಲ್ಲಿ ಸುಖವಾಗಿದಾರೆ, ನಾವಿಲ್ಲಿ ಬೆಚ್ಚಗಿದೀವಿ. ಕತೆ ಮುಗೀತು, ಬಕಲು ಹಾಕಾಯ್ತು. ಹೂಂ ಅನ್ನಲಿಲ್ಲವಲ್ಲ ಕಂದ? ಓ, ಮಲಗೇಬಿಡ್ತು.