ಗೇಣೂರಿನ ಬೀದಿಯಲ್ಲಿ ಮಲಗಿದ ಪದ

ಒಂದಾನೊಂದು ಊರಿನಲ್ಲಿ ಒಂದೇ ಒಂದು ಬೀದಿ ಇತ್ತು. ಊರಿನ ಹೆಸರು ಗೇಣೂರು. ಬೀದಿಯ ಈ ತುದಿಗೆ ಅರಮನೆ, ಆ ತುದಿಗೆ ನಿಂಬೆವ್ವನ ಮನೆ. ಎಡಕ್ಕೆ ಉಳಿದವರ ಮನೆಗಳು, ಬಲಕ್ಕೆ ಬಾವಿ, ಸಂತೆ, ಹುಲ್ಲಿನ ಬಣವೆ. ಸುತ್ತ ಪಾಪಸುಕಳ್ಳಿ. ಅಷ್ಟೇ ರಾಜ್ಯ. ನಕಾಶೆಯಲ್ಲಿ ಹುಡುಕಬೇಡಿ. ನಕಾಶೆ ಬರೆಯುವವನು ಅಲ್ಲೇ ಬೆರಳೂರಿ ಕೂತಿದ್ದ, ಊರು ಬೆರಳಿನ ಕೆಳಗೆ ಉಳಿದುಹೋಯಿತು.

ನಿಂಬೆವ್ವ ಜೋಳದ ರೊಟ್ಟಿ ಬಡಿಯುವ ಹೆಂಗಸು. ಊರಿಗೆಲ್ಲ ಅವಳದೇ ರೊಟ್ಟಿ. ಅವಳ ಒಲೆಯನ್ನು ಹಾಕಿದ್ದು ಅವಳ ಅವ್ವ. ಅಂದಿನಿಂದ ಅದು ಆರಿಲ್ಲ. ಆ ಒಲೆಗೆ ಮಾತು ಬರುತ್ತಿತ್ತು. ಅದು ಯಾರಿಗೂ ವಿಶೇಷ ಅನ್ನಿಸುತ್ತಿರಲಿಲ್ಲ, ಯಾಕೆಂದರೆ ಅದು ಆಡುತ್ತಿದ್ದದ್ದು ಬರೀ ದೂರು.

"ಹಸೀ ಕಟ್ಟಿಗಿ ಹಾಕಿ ಕಣ್ಣು ಉರಸ್ತಿ ನಿಂಬೀ," ಅನ್ನುತ್ತಿತ್ತು ಒಲೆ.

"ನಿನಗ ಕಣ್ಣು ಎಲ್ಲಿ ಅದಾವ? ಸುಮ್ಮ ಉರಿ," ಅನ್ನುತ್ತಿದ್ದಳು ನಿಂಬೆವ್ವ.

ಹೀಗೆ ಇಬ್ಬರೂ ಸುಖವಾಗಿದ್ದರು. ಸುಖವಾಗಿಲ್ಲದಿದ್ದವನು ರಾಜ ಅಡವೆಪ್ಪ ಒಬ್ಬನೇ. ಪಕ್ಕದ ಮಾರೂರಿನ ರಾಜ ಬಂದರಿನಿಂದ ಒಂದು ಇಂಗ್ಲಿಷ್ ಪದ ತರಿಸಿದ್ದ. ಕಾಂಪಾರ್ಟ್‌ಮೆಂಟಲೈಸೇಶನ್. ದೇವರ ಕೋಣೆಯಿಂದ ಹಿತ್ತಿಲ ತನಕ ಉದ್ದ, ಕೊನೆಗೆ 'ಶನ್' ಅಂತ ಚೆಂದನೆಯ ಬಾಲ.

"ಅದರ ಅರ್ಥ ಏನಂತ?" ಅಂತ ರಾಣಿ ಕೇಳಿದಳು.

"ಖಾನಿ ಖಾನಿ ಮಾಡಿ ಇಡೂದಂತ."

"ಅಷ್ಟಕ್ಕ ನಮ್ಮನ್ಯಾಗ ಮಸಾಲಿ ಡಬ್ಬಿ ಐತಲ್ಲ."

ರಾಜನಿಗೆ ಸಮಾಧಾನವಾಗಲಿಲ್ಲ. ಊಟ ಬಿಟ್ಟ. ಮಂತ್ರಿ ಕರವೀರಪ್ಪನನ್ನು ಕರೆದು ಹೇಳಿದ: "ಅದಕ್ಕಿಂತ ಉದ್ದಂದು ತಾ. ಬಾಲ ಮಾತ್ರ ಅದೇ ಇರಬೇಕು. ಬಾಲ ಬ್ಯಾರೆ ಆದ್ರ ಯಾವುದು ಉದ್ದ ಅಂತ ಹೋಲಿಸಾಕ ಬರಂಗಿಲ್ಲ."

ಬಂದರಿನಲ್ಲಿ ಪದ ಮಾರುವವನು ಕರವೀರಪ್ಪನಿಗೆ ಶನ್ ಬಾಲದ ಪದಗಳನ್ನು ಒಂದೊಂದಾಗಿ ಬಿಚ್ಚಿ ತೋರಿಸಿದ.

"ಇದು ಮಿಸ್‌ಇಂಟರ್‌ಪ್ರಿಟೇಶನ್. ತಪ್ಪಾಗಿ ತಿಳ್ಕೊಳ್ಳೋದು."

"ತಪ್ಪು ತಿಳ್ಕೊಳ್ಳಾಕ ನಮ್ಮ ಊರಾಗ ಪದ ಬೇಕಾಗಂಗಿಲ್ಲ. ಮುಂದಿಂದು."

"ಇದು ಇಂಟರ್‌ನ್ಯಾಷನಲೈಸೇಶನ್. ಎಲ್ಲ ದೇಶಕ್ಕೂ ಸೇರಿಸೋದು."

"ಒಂದ ಬೀದಿ ಐತ್ರಿ ನಮ್ಮದು. ಎಲ್ಲಾ ದೇಶ ಎಲ್ಲಿ ಕೂಡಸೂಣು?"

ಕೊನೆಗೆ ಅಂಗಡಿಯವನು ಒಳಗೆ ಹೋಗಿ, ಹಡಗಿನ ಹಗ್ಗದ ಹಾಗೆ ಸುರುಳಿ ಸುತ್ತಿದ್ದ ಒಂದನ್ನು ಎಳೆದು ತಂದ. ಎಳೆದಷ್ಟೂ ಬಂತು. ಫ್ಲಾಕ್ಸಿನಾಸಿನಿಹಿಲಿಪಿಲಿಫಿಕೇಶನ್. ಅದರ ಹೆಸರು ಹೇಳಿ ಮುಗಿಸುವಾಗ ಅಂಗಡಿಯವನು ಬಾಯಾರಿ ನೀರು ಕುಡಿದ.

"ಇದರ ಅರ್ಥ?"

"ಅರ್ಥ ಹಿಂದಿನ ಗಾಡೀಲಿ ಬರುತ್ತೆ. ಎರಡೂ ಒಂದೇ ಗಾಡೀಲಿ ಹಿಡಿಯಲ್ಲ."

"ಬೆಲಿ?"

"ನಿಮ್ಮ ಊರಿನ ಆಕಳಿಕೆ. ಪೂರ್ತಿ. ನನ್ನ ಹಡಗಿನವರಿಗೆ ನಿದ್ದೆ ಬರ್ತಿಲ್ಲ."

ಆಕಳಿಕೆ ತಾನೆ, ಅಂದುಕೊಂಡ ಕರವೀರಪ್ಪ. ಒಪ್ಪಿದ. ಆ ಗಳಿಗೆಯಿಂದ ಗೇಣೂರಿನಲ್ಲಿ ಯಾರಿಗೂ ಆಕಳಿಕೆ ಬರಲಿಲ್ಲ. ಬಾಯಿ ತೆರೆಯುತ್ತಿತ್ತು, ಏನೂ ಬರುತ್ತಿರಲಿಲ್ಲ, ಮುಚ್ಚಿಕೊಳ್ಳುತ್ತಿತ್ತು.

ಪದ ಊರಿಗೆ ಬಂತು. ಪ್ರಯಾಣದ ದಣಿವಿಗೆ ಬೀದಿಯ ನಡುವೆಯೇ ಮಲಗಿತು. ತಲೆ ಅರಮನೆಯ ಮೆಟ್ಟಿಲ ಮೇಲೆ, ಬಾಲ ನಿಂಬೆವ್ವನ ಗೋಡೆಗೆ. ರಾಜ ಅಡವೆಪ್ಪ ಅಂದು ಎರಡು ಸಲ ಊಟ ಮಾಡಿದ.

ಈಗ ನೋಡಿ, ಗೇಣೂರಿನಲ್ಲಿ ಒಂದು ಕಟ್ಟು ಇತ್ತು. ಮಲಗಿದವರನ್ನು ದಾಟಬಾರದು. ದಾಟಿದರೆ ಮಲಗಿದವರು ಬೆಳೆಯುವುದಿಲ್ಲ. ತಪ್ಪಿ ದಾಟಿದರೆ, ದಾಟಿದವರೇ ತಿರುಗಿ ದಾಟಬೇಕು, ಆಗ ದೋಷ ಕಳೆಯುತ್ತದೆ. ಹಾಗಾಗಿ ಪದವನ್ನು ಯಾರೂ ದಾಟಲಿಲ್ಲ. ಮನೆಗಳೂ ನಿಂಬೆವ್ವನ ಬಾಗಿಲೂ ಈ ಕಡೆ, ಬಾವಿ ಆ ಕಡೆ. ನೀರಿಗೆ ಹೋಗುವ ಹೆಂಗಸರು ಕೊಡ ಹೊತ್ತು ಅರಮನೆಯೊಳಗಿಂದಲೇ ಸುತ್ತಿಕೊಂಡು ಹೋದರು. ಎಮ್ಮೆಗಳೂ ಅದೇ ದಾರಿ ಹಿಡಿದವು. ರಾಜ ಸ್ನಾನಕ್ಕೆ ಕೂತರೆ ಯಾರಾದರೂ "ಬೆನ್ನಿಗಿ ನೀರು ಹಾಕ್ಲೇನ್ರಿ?" ಅಂತ ಕೇಳಿಕೊಂಡೇ ಹೋಗುವರು. ರಾಣಿಗೆ ಮಾತಾಡಲು ಜನ ಸಿಕ್ಕಿ ಖುಷಿಯೋ ಖುಷಿ.

ಒಂದು ಬೆಳಿಗ್ಗೆ ನಿಂಬೆವ್ವನ ಗೋಡೆ ಕಿರ್ರ್ ಅಂದಿತು. ಹೊರಗೆ ಬಂದು ನೋಡಿದರೆ, ಶನ್ ಬಾಲದ ಹಿಂದೆ ಇನ್ನೊಂದು 'ಅಲೈಸೇಶನ್' ಚಿಗುರಿತ್ತು. ಎಳೆಯದು, ಹಸಿರಾಗಿ, ಗೋಡೆಯನ್ನು ತಳ್ಳುತ್ತಿತ್ತು.

ಕರವೀರಪ್ಪ ಅಳತೆಕೋಲು ಹಿಡಿದು ಓಡಿಬಂದ. ಹಿಂದೆಯೇ ರಾಜ.

"ಬೆಳ್ಯಾಕತ್ತೈತಿ," ಅಂದ ರಾಜ, ಕಣ್ಣಲ್ಲಿ ನೀರು. "ನಿಂಬೆವ್ವ, ನಿನ್ನ ಮನಿ ನಾಳಿಗೆ ಕೆಡವತೀವಿ. ಮಗು ಕಾಲು ಚಾಚಬೇಕು."

"ಮನಿ ಬ್ಯಾರೆ ಕಡೆ ಕಟ್ಟಬಹುದ್ರಿ ರಾಜಾಸಾಹೇಬ್ರ. ಒಲಿ? ನಮ್ಮವ್ವ ಹಾಕಿದ ಒಲಿ. ನೆಲದಾಗ ಬೇರು ಬಿಟ್ಟೈತಿ."

"ನಾ ಎಲ್ಲೂ ಬರಂಗಿಲ್ಲ," ಅಂದಿತು ಒಳಗಿನಿಂದ ಒಲೆ. "ಹೊಸಾ ಜಾಗದಾಗ ನನಗ ಹೊಗಿ ಹತ್ತಂಗಿಲ್ಲ."

ರಾಜ ಕೇಳಿಸಿಕೊಳ್ಳಲಿಲ್ಲ. ಅಳತೆಕೋಲನ್ನೇ ನೋಡುತ್ತಿದ್ದ.

ನಿಂಬೆವ್ವ ಒಳಗೆ ಹೋದಳು. ಬುಟ್ಟಿಗೆ ಬಿಸಿ ರೊಟ್ಟಿ ಹಾಕಿದಳು, ಮೇಲೆ ಬೆಣ್ಣೆ, ಪಕ್ಕಕ್ಕೆ ನಂಜಿಕೊಳ್ಳಲು ಶೇಂಗಾ ಹಿಂಡಿ. ಬುಟ್ಟಿ ತಲೆಯ ಮೇಲಿಟ್ಟು ಹೊರಗೆ ಬಂದಳು. ಸೀರೆಯ ನೆರಿಗೆ ತುಸು ಎತ್ತಿ, ಎಲ್ಲರೂ ನೋಡುತ್ತಿದ್ದಂತೆ, ಪದವನ್ನು ದಾಟಿ ಬಾವಿಯ ಕಡೆ ನಿಂತಳು.

ಗಕ್ಕ ಅಂದಿತು. ಚಿಗುರು ನಿಂತುಹೋಯಿತು.

"ಏ ನಿಂಬೆವ್ವ," ಅಂದ ರಾಜ, "ತಿರುಗಿ ದಾಟು."

"ನನಗ ಆ ಕಡೆ ಕೆಲಸ ಇಲ್ಲರಿ. ಸಂತಿಗಿ ಹೊಂಟೀನಿ."

"ಮನಿಗಿ ಹ್ಯಾಂಗ ಬರ್ತಿ?"

"ಅರಮನಿಯೊಳಗ ಹಾದು."

"ಅರಮನಿ ಬಾಗಲಾ ಹಾಕ್ರಿ," ಅಂದ ರಾಜ. ಬಾಗಿಲುಗಳು ಮುಚ್ಚಿದವು. ರಾಣಿ ಒಳಗಿನಿಂದ ಬೈದದ್ದು ಕೇಳಿಸಿತು. "ಇನ್ನ ನೀ ಬರೂದಾದ್ರ ದಾಟೇ ಬರಬೇಕು. ನಿನ್ನ ಒಲಿ ಎಷ್ಟೊತ್ತು ಉರೀತದ ನೋಡೂಣು."

ನಿಂಬೆವ್ವ ಬಾವಿಕಟ್ಟೆಯ ಮೇಲೆ ಕೂತಳು. ದಾಟಿದರೆ ಪದ ಬೆಳೆಯುತ್ತದೆ, ಮನೆ ಬೀಳುತ್ತದೆ. ದಾಟದಿದ್ದರೆ ಒಲೆ ಆರುತ್ತದೆ. ಎದೆಯಲ್ಲಿ ರೊಟ್ಟಿ ಬಡಿದ ಹಾಗೆ ಆಯಿತು. ಬೇರೆ ಯಾರಾದರೂ ಒಲೆಗೆ ಕಟ್ಟಿಗೆ ಹಾಕಬಹುದಿತ್ತು, ಆದರೆ ಒಲೆ ಪರರ ಕೈಯ ಕಟ್ಟಿಗೆಯನ್ನು ಥೂ ಅಂತ ಉಗುಳುತ್ತಿತ್ತು.

"ನಿಂಬೀ," ಅಂತ ಒಲೆ ಕೂಗಿತು. "ಉರಿ ಸಣ್ಣಾಗಾಕತ್ತೈತಿ."

ಸ್ವಲ್ಪ ಹೊತ್ತಿಗೆ ಮತ್ತೆ, ಇನ್ನೂ ಮೆಲ್ಲಗೆ: "ನಿಂಬೀ, ಹಸೀ ಕಟ್ಟಿಗಿ ಆದರೂ ಅಡ್ಡಿಯಿಲ್ಲ."

ಆ ಮಾತು ಕೇಳಿ ನಿಂಬೆವ್ವನಿಗೆ ನಿಜಕ್ಕೂ ಹೆದರಿಕೆಯಾಯಿತು. ಅವಳ ಜನ್ಮದಲ್ಲಿ ಒಲೆ ಹಾಗೆ ಅಂದದ್ದಿಲ್ಲ.

ಅಷ್ಟರಲ್ಲಿ ಸಂತೆಯ ದಾರಿಯಿಂದ ದೊಡ್ಡ ಗಾಡಿಯೊಂದು ಏದುಸಿರು ಬಿಡುತ್ತ ಬಂತು. ಗಾಡಿಯ ತುಂಬ ಹುಲ್ಲು, ಹುಲ್ಲಿನ ನಡುವೆ ಒಂದು ಬೆಂಕಿಪೊಟ್ಟಣ.

"ಅರ್ಥ ಬಂದೈತ್ರಿ," ಅಂದ ಗಾಡಿಯವನು. "ಯಾರು ಇಳಿಸ್ಕೋತೀರಿ?"

"ಅದನ್ನ ಯಾರು ಕೇಳಿದ್ರು?" ಅಂದ ರಾಜ. "ಬಣವಿ ಹಿಂದ ಒಗಿ."

"ನಾ ಇಳಿಸ್ಕೋತೀನಿ," ಅಂದಳು ನಿಂಬೆವ್ವ.

ಪೊಟ್ಟಣ ಕಿವಿಗೆ ಹಿಡಿದಳು. ಒಳಗೆ ಸಣ್ಣ ದನಿ ಒಂದೇ ಮಾತು ಹೇಳುತ್ತಿತ್ತು: ಏನನ್ನು ಕಂಡರೂ ಕೆಲಸಕ್ಕೆ ಬಾರದ್ದು ಅಂತ ಎಣಿಸುವುದು, ಏನನ್ನು ಕಂಡರೂ ಕೆಲಸಕ್ಕೆ ಬಾರದ್ದು ಅಂತ ಎಣಿಸುವುದು.

ನಿಂಬೆವ್ವ ನೆಟ್ಟಗೆ ಪದದ ತಲೆಯ ಹತ್ತಿರ ಹೋದಳು.

"ಏ ಹಿಲಿಪಿಲಿ, ಊರಿಗಿ ಬಂದಾಗಿಂದ ಊಟ ಮಾಡಿಯೇನು?"

ಪದ ಕಣ್ಣು ತೆರೆಯಿತು. ಅದರ ಮಾತು ಗ್ರಂಥದ ಹಾಗೆ. "ತಾಯೀ, ಈ ರಾಜ್ಯದಲ್ಲಿ ಎಲ್ಲರೂ ನನ್ನ ಅಳತೆಯನ್ನು ತೆಗೆದುಕೊಂಡರು. ಅನ್ನ ನೀರಿನ ಪ್ರಸ್ತಾಪವನ್ನು ಯಾರೂ ಎತ್ತಲಿಲ್ಲ."

"ಅಯ್ಯ ನನ ಕೂಸ. ರೊಟ್ಟಿ ತಂದೀನಿ. ಆದ್ರ ಮಲಕೊಂಡು ಉಣಬಾರದು. ಎದ್ದು ಕುಂದ್ರು."

ಪದಕ್ಕೆ ಹಸಿವು. ಎದ್ದಿತು. ಎದ್ದು, ಚಕ್ಕಳ ಮಕ್ಕಳ ಹಾಕಿ, ಸುರುಳಿ ಸುರುಳಿಯಾಗಿ ಅರಮನೆಯ ಮುಂದೆ ಕೂತಿತು. ಸರಸರ ಅಂತ ಬಾಲ ಬೀದಿಯುದ್ದಕ್ಕೂ ಎಳೆದುಕೊಂಡು ಬಂತು. ಬೆಳೆಯದೆ ನಿಂತಿದ್ದ ಎಳೆ ಚಿಗುರು ನಿಂಬೆವ್ವನ ಅಂಗಳದಲ್ಲೇ ಕಳಚಿ ಬಿತ್ತು. ಬೀದಿ ಬೀದಿಯಾಯಿತು. ಮಲಗಿದವರೇ ಇಲ್ಲ, ಇನ್ನು ದಾಟುವುದೆಲ್ಲಿ?

ನಿಂಬೆವ್ವ ಅರ್ಥವನ್ನು ಹಿಂಡಿಯ ಜೊತೆ ಸೇರಿಸಿ, ರೊಟ್ಟಿಯಲ್ಲಿ ಸುತ್ತಿ, ಪದದ ಕೈಗಿಟ್ಟು, ಸೆರಗು ಸಿಕ್ಕಿಸಿ ಮನೆಗೆ ಓಡಿದಳು. ಒಲೆಯಲ್ಲಿ ಸಾಸಿವೆಯಷ್ಟು ಕೆಂಡ ಉಳಿದಿತ್ತು. ಊದುಗೊಳವೆ ಹಿಡಿದು ಊದಿದಳು, ಊದಿದಳು, ಕೆನ್ನೆ ನೋಯುವ ತನಕ ಊದಿದಳು. ಭುಗ್ ಅಂತ ಹತ್ತಿತು.

"ಕಟ್ಟಿಗಿ ಹಸಿ ಅದಾವ," ಅಂದಿತು ಒಲೆ.

ನಿಂಬೆವ್ವ ಅಲ್ಲೇ ನೆಲಕ್ಕೆ ಕೂತು ನಕ್ಕಳು.

ಅತ್ತ ಅರ್ಥ ಪದದ ಗಂಟಲಿಳಿದು, ಅಕ್ಷರ ಅಕ್ಷರ ದಾಟಿ, ಬಾಲದ ತನಕ ಮುಟ್ಟಿತು. ಪದ ಸುತ್ತ ನೋಡಿತು.

"ಅರಮನೆ. ಕೆಲಸಕ್ಕೆ ಬಾರದ್ದು," ಅಂದಿತು.

ಕರವೀರಪ್ಪ ಅಳತೆಕೋಲನ್ನು ಬೆನ್ನ ಹಿಂದೆ ಅಡಗಿಸಿದ.

"ಅಳತೆಕೋಲು. ಕೆಲಸಕ್ಕೆ ಬಾರದ್ದು. ಹಿಡಿದಿರುವವರೂ."

"ನಾ?" ಅಂದ ರಾಜ, ಮಗುವಿನ ಬಾಯಿಂದ ಒಳ್ಳೆ ಮಾತು ಕೇಳುವ ಆಸೆಯಿಂದ.

"ಕೆಲಸಕ್ಕೆ ಬಾರದ್ದು," ಅಂದಿತು ಪದ, ಬಹಳ ಮರ್ಯಾದೆಯಿಂದ.

ಒಳಗಿನಿಂದ ರಾಣಿ ನಕ್ಕಳು. ಬಾಗಿಲು ತೆಗೆದು ಹೊರಗೆ ಬಂದು ನಕ್ಕಳು. ಊರೂ ನಕ್ಕಿತು. ಪದ ಕೈಯಲ್ಲಿ ಉಳಿದ ರೊಟ್ಟಿಯ ತುಂಡನ್ನು ನೋಡಿತು. ನಗು ನಿಂತಿತು. ನಿಂಬೆವ್ವ ಬಾಗಿಲಿಗೆ ಬಂದು ನಿಂತಿದ್ದಳು. ಒಲೆ ಹೊಗೆ ಹಿಡಿದುಕೊಂಡಿತು.

"ರೊಟ್ಟಿ," ಅಂದಿತು ಪದ. ಬಾಯಿ ತೆರೆಯಿತು. ಬೆಣ್ಣೆ ಗಲ್ಲಕ್ಕೆ ಇಳಿಯಿತು. "ರೊಟ್ಟಿ ಕೆ..." ಅಂದಿತು. ಮುಂದೆ ಹೋಗಲಿಲ್ಲ. ತುಂಡನ್ನು ಬಾಯಿಗೆ ಹಾಕಿಕೊಂಡಿತು. "ತಾಯೀ," ಅಂದಿತು, ತಲೆ ತಗ್ಗಿಸಿ, "ಇನ್ನೊಂದು ಉಂಟೆ?"

ತನ್ನ ಅರ್ಥದ ಹಾಗೆ ನಡೆಯಲಾಗದ ಪದ ಊರಲ್ಲಿ ಇರುವಂತಿಲ್ಲ, ರಿಪೇರಿಗೆ ಹೋಗಬೇಕು ಅಂತ ರಾಜ ಅಪ್ಪಣೆ ಮಾಡಿದ. ತಾನೇ ಗಾಡಿಗೆ ಹತ್ತಿಸಿದ, ಬೇಗ ಬೇಗ. ನಿಂಬೆವ್ವ ದಾರಿಗೆ ಬುತ್ತಿ ಕಟ್ಟಿಕೊಟ್ಟಳು. ಅಂಗಡಿಯವನು ಪದ ತೆಗೆದುಕೊಂಡು ಊರಿನ ಆಕಳಿಕೆಯನ್ನು ತಿರುಗಿ ಕೊಟ್ಟ. ಹಡಗಿನವರು ಅಷ್ಟರಲ್ಲಿ ಮಲಗಿ ಎದ್ದಿದ್ದರು. ಕಳಚಿಬಿದ್ದ 'ಅಲೈಸೇಶನ್' ಈಗಲೂ ನಿಂಬೆವ್ವನ ಅಂಗಳದಲ್ಲಿದೆ, ಅದರ ಮೇಲೆ ಅವಳು ಸೀರೆ ಒಣಹಾಕುತ್ತಾಳೆ. ಬಂದರಿನ ಅಂಗಡಿಯಲ್ಲಿ ಯಾರಾದರೂ ಆ ಉದ್ದನೆಯ ಪದದ ಅರ್ಥ ಕೇಳಿದರೆ, ಅಂಗಡಿಯವನು ಹೇಳುತ್ತಾನೆ: "ಏನನ್ನು ಕಂಡರೂ ಕೆಲಸಕ್ಕೆ ಬಾರದ್ದು ಅಂತ ಎಣಿಸುವುದು. ಜೋಳದ ರೊಟ್ಟಿ ಬಿಟ್ಟು."

ಈ ಕತೆಯ ನೀತಿ ಏನೆಂದರೆ, ಉದ್ದನೆಯ ಪದ ಮನೆಗೆ ಬಂದರೆ ಮೊದಲು ಎಬ್ಬಿಸಿ ಕೂರಿಸಿ. ಕತೆ ಗೇಣೂರಿಗೆ ಹೋಯಿತು, ನಾವು ಹಾಸಿಗೆಗೆ ಹೋಗೋಣ. ಕೇಳುತ್ತ ಕೇಳುತ್ತ ನಿಮಗೆ ಆಕಳಿಕೆ ಬಂದಿದ್ದರೆ ಅದು ಗೇಣೂರಿನವರದು, ದಾರಿ ತಪ್ಪಿ ಬಂದಿದೆ. ಬಾಯಿ ಅಗಲ ಮಾಡಿ, ಹೋಗಲು ಬಿಡಿ.