ಕರೆಯದವ್ವನ ದಿನ್ನೆ

ಹೊನ್ನಾಳಗಿಯಿಂದ ಪಡುವಣಕ್ಕೆ ಎರೆಹೊಲಗಳ ನಡುವೆ ಒಂದು ಮೈಲು ನಡೆದರೆ ಒಂದು ದಿನ್ನೆ ಸಿಗುತ್ತದೆ. ಎರಡಾಳೆತ್ತರವೂ ಇಲ್ಲ, ಬೆಟ್ಟವೆಂದುಕೊಂಡು ಬಂದವರು ಪೆಚ್ಚಾಗಿ ತಿರುಗುತ್ತಾರೆ. ಸರ್ಕಾರದ ನಕ್ಷೆಯಲ್ಲಿ ಅದಕ್ಕಿರುವುದು ಒಂದು ನಂಬರು ಮಾತ್ರ. ಊರವರು ಅದನ್ನು ಕರೆಯದವ್ವನ ದಿನ್ನೆ ಎನ್ನುತ್ತಾರೆ. ಸುತ್ತಲೂ ಬಿಳಿಜೋಳ. ದೀಪಾವಳಿ ಕಳೆದು ಚಳಿ ಬಿದ್ದೊಡನೆ ವಾಯವ್ಯ ದಿಕ್ಕಿನಿಂದ, ಗುಬ್ಬಿಗಿಂತ ತುಸು ದೊಡ್ಡದಾದ, ಹಳದಿ ಹೊಟ್ಟೆಯ ಹಕ್ಕಿಗಳು ಸಾವಿರಗಟ್ಟಲೆ ಬಂದು ಈ ಹೊಲಗಳಿಗೆ ಇಳಿಯುತ್ತವೆ. ಇಲ್ಲಿಯವರಿಗೆ ಅವು ಜೋಳದ ಹಕ್ಕಿ. ಬಂದಾಗ ಗಂಡಿನ ತಲೆ ಮಾಸಲಾಗಿರುತ್ತದೆ. ಬಿಸಿಲು ಏರಿದಂತೆ ಕಾಡಿಗೆ ಬಳಿದಷ್ಟು ಕಪ್ಪಾಗುತ್ತದೆ, ಎದೆ ಅಚ್ಚ ಅರಿಸಿನವಾಗುತ್ತದೆ. ಯುಗಾದಿಯ ಆಸುಪಾಸಿನಲ್ಲಿ ಒಂದು ಸಂಜೆ ಎಲ್ಲವೂ ಎದ್ದು ಹೋಗಿಬಿಡುತ್ತವೆ. ಇವುಗಳ ಗೂಡನ್ನಾಗಲಿ, ಮೊಟ್ಟೆಯನ್ನಾಗಲಿ ಈ ಸೀಮೆಯಲ್ಲಿ ಕಂಡವರಿಲ್ಲ. ಕಂಡೆವೆನ್ನುವವರು ಇಬ್ಬರಿದ್ದಾರೆ, ಅವರು ದೆವ್ವವನ್ನೂ ಕಂಡವರೇ. ಹುಟ್ಟುವುದೂ ಸಾಯುವುದೂ ಕಾಣದೆ, ಬರೀ ಬಂದು ಹೋಗುವ ಜೀವಿಯ ಬಗ್ಗೆ ಜನಕ್ಕೆ ಒಳಗೊಳಗೇ ಅಂಜಿಕೆ.

ಆ ಅಂಜಿಕೆಯಿಂದಲೇ ಹಿಂದಿನವರು ಒಂದು ಕಟ್ಟು ಮಾಡಿಕೊಂಡಿದ್ದರು. ಅಟ್ಟದ ಮೇಲೆ ನಿಂತು ಹಕ್ಕಿ ಕಾಯುವವರು ಹೋ ಎಂದು ಕೂಗಬಹುದು, ಕವಣೆ ಬೀಸಬಹುದು, ಹಾಡಬಹುದು, ಬೇಕಾದರೆ ಹಕ್ಕಿಯ ಕುಲವನ್ನೆಲ್ಲ ಬೈಯಬಹುದು. ಮನುಷ್ಯರ ಹೆಸರು ಹಿಡಿದು ಮಾತ್ರ ಕೂಗಕೂಡದು. ಹೊಲದಲ್ಲಿ ಹಕ್ಕಿಯ ಕಿವಿಗೆ ಬಿದ್ದ ಹೆಸರು ಹಕ್ಕಿಯ ಜೊತೆ ಹೋಗುತ್ತದೆ, ಹೆಸರಿನ ಬೆನ್ನ ಹಿಂದೆ ಆ ಹೆಸರಿನವರೂ ಹೋಗುತ್ತಾರೆ ಎಂಬುದು ಅವರ ನಂಬಿಕೆ. ಈ ಮಾತನ್ನು ಹೊಸದಾಗಿ ಅಟ್ಟ ಹತ್ತಿದವರಿಗೆಲ್ಲ ಹೇಳಿಕೊಡುತ್ತಿದ್ದವಳು ಲಗಮವ್ವ.

ಹಿಂದೆ ಒಮ್ಮೆ, ಎಷ್ಟು ಹಿಂದೆ ಎಂದು ಕೇಳಬೇಡಿ, ನಮ್ಮ ಅಜ್ಜನಿಗೂ ಅದು ಹಿಂದೆಯೇ, ಈ ದಿನ್ನೆಯ ಅಟ್ಟದ ಮೇಲೆ ಲಗಮವ್ವ ಊರ ಜೋಳ ಕಾಯುತ್ತಿದ್ದಳು. ಚಿಕ್ಕ ವಯಸ್ಸಿಗೇ ಗಂಡ ತೀರಿಕೊಂಡಿದ್ದ. ಇದ್ದವಳು ಆರು ವರ್ಷದ ಒಬ್ಬಳೇ ಮಗಳು, ಅವಳೇ ಲಗಮವ್ವನ ಜೀವ. ಪುಷ್ಯಮಾಸದ ಒಂದು ಮಧ್ಯಾಹ್ನ ಆ ಕೂಸು ಆಡುತ್ತಾಡುತ್ತ ಜೋಳದೊಳಗೆ ನುಗ್ಗಿತು. ಜೋಳ ಆಳೆತ್ತರ ಮೀರಿ ನಿಂತಿತ್ತು. ಹೊತ್ತು ಇಳಿಯತೊಡಗಿದರೂ ಮಗಳಿಲ್ಲ. ಆ ಕಾಲಕ್ಕೆ ಬಯಲಲ್ಲಿ ತೋಳಗಳಿದ್ದವು. ಲಗಮವ್ವ ಹೋ ಎಂದಳು, ಹಲಗೆ ಬಡಿದಳು, ಗಂಟಲು ಹರಿಯುವಂತೆ ಹಾಡಿದಳು. ಕೊನೆಗೆ ಕರುಳು ತಡೆಯಲಿಲ್ಲ ನೋಡಿ. ಹೆಸರು ಹಿಡಿದು ಕೂಗಿಯೇಬಿಟ್ಟಳು. ಒಮ್ಮೆಯಲ್ಲ, ಹೊತ್ತು ಮುಳುಗುವತನಕ ಕೂಗಿದಳು. ಹೊಲದಲ್ಲಿದ್ದ ಹಕ್ಕಿಗಳಷ್ಟೂ ಎದ್ದು ಅವಳ ತಲೆಯ ಮೇಲೆ ಒಂದು ಸುತ್ತು ಹಾಕಿ ಮತ್ತೆ ಇಳಿದವು. ಸಾಲಿನ ನಡುವಿನಿಂದ ಮಗಳು ನಗುತ್ತ ಹೊರಬಂದಳು. ಬಾಯಿ ತುಂಬ ಹಸಿ ಜೋಳ. "ಇಲ್ಲೇ ಇದ್ನಲ್ಲ ಯವ್ವಾ" ಎಂದಳು.

ಶಿವರಾತ್ರಿ ಕಳೆಯಿತು. ಮಗಳು ರೊಟ್ಟಿ ಮುಟ್ಟದಾದಳು. ಬರೀ ಕಾಳು ಮುಕ್ಕುತ್ತಿದ್ದಳು. ಕೆನ್ನೆ ಉಬ್ಬಿ ಮೈಕೈ ತುಂಬಿಕೊಂಡಳು. ನೆರೆಯವರು ಹೊಗಳುತ್ತಿದ್ದರೆ ಲಗಮವ್ವನ ಎದೆ ಧಸಕ್ಕೆನ್ನುತ್ತಿತ್ತು, ಏಕೆಂದರೆ ಹೊರಡುವ ಮುನ್ನ ಜೋಳದ ಹಕ್ಕಿಗಳೂ ಹೀಗೆಯೇ ತಿಂದು ತಿಂದು ದುಂಡಗಾಗುತ್ತವೆಂದು ಅವಳಷ್ಟು ಬಲ್ಲವರು ಯಾರು? ಸಂಜೆಯಾದರೆ ಸಾಕು, ಕೂಸು ಮನೆಯ ವಾಯವ್ಯ ಮೂಲೆಗೆ ಹೋಗಿ ಗೋಡೆಗೆ ಮುಖ ಮಾಡಿ ತುದಿಗಾಲಲ್ಲಿ ನಿಲ್ಲುತ್ತಿತ್ತು. ಕರೆದರೆ ತಿರುಗುತ್ತಿರಲಿಲ್ಲ. ಲಗಮವ್ವ ಸೂಲಗಿತ್ತಿ ದುರ್ಗವ್ವನ ಕಾಲಿಗೆ ಬಿದ್ದಳು. "ಆಯಿ, ಹಕ್ಕಿ ಹೊಂಟ ದಿನ ನನ್ನ ಕೂಸೂ ಹೋಗ್ತದ. ಏನರ ಮಾಡು."

"ಒಂದು ಹಕ್ಕಿ ಹಿಡಿದು ಪುಟ್ಟಿ ಕೆಳಗ ಮುಚ್ಚಿಡು," ಎಂದಳಂತೆ ಆ ಮುದುಕಿ. "ಒಂದನ್ನ ಬಿಟ್ಟು ಹಿಂಡು ಏಳಂಗಿಲ್ಲ."

ಲಗಮವ್ವ ಕಪ್ಪುತಲೆಯ ಒಂದು ಗಂಡು ಹಕ್ಕಿಯನ್ನು ಹಿಡಿದು ಬುಟ್ಟಿಯಡಿ ಮುಚ್ಚಿದಳು. ಹೊತ್ತು ಮುಳುಗುತ್ತಲೂ ಹಕ್ಕಿ ವಾಯವ್ಯದ ಕಡೆಯ ಹೆಣಿಗೆಗೇ ಹಾಯ್ದು ಹಾಯ್ದು ತಲೆ ಬಡಿದುಕೊಳ್ಳತೊಡಗಿತು. ಅದೇ ಹೊತ್ತಿಗೆ ಒಳಗೆ ಮಗಳು ಗೋಡೆಗೆ ಹಣೆ ಬಡಿಯತೊಡಗಿದಳು. ಹಕ್ಕಿಯದೊಂದು ಬಡಿತ, ಮಗಳದೊಂದು ಬಡಿತ. ಮೂರು ಸಂಜೆ ಹೀಗೇ ನಡೆಯಿತು. ಮೂರನೆಯ ಸಂಜೆ ಹಕ್ಕಿಯ ನೆತ್ತಿಯಲ್ಲಿ ಪುಕ್ಕ ಉಳಿದಿರಲಿಲ್ಲ, ಮಗಳ ಹಣೆಯಿಂದ ರಕ್ತ ಇಳಿಯುತ್ತಿತ್ತು. ಹಿಡಿದಿಟ್ಟರೆ ಎರಡೂ ಸಾಯುತ್ತವೆ, ಬಿಟ್ಟರೆ ಎರಡೂ ಹೋಗುತ್ತವೆ. ಪಾಪ, ಆ ಹೆಣ್ಣು ಏನು ಮಾಡಬೇಕು? ಅವಳು ಹಕ್ಕಿಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ದಿನ್ನೆಗೆ ಓಡಿದಳು. "ಹೆಸರು ನೀ ಒಯ್ಯಿ, ಕೂಸು ನನಗ ಬಿಡು," ಎಂದಳು. "ಇನ್ನ ನಾ ಅಕೀನ್ನ ಯಾವ ಹೆಸರಿಂದಲೂ ಕರಿಯಂಗಿಲ್ಲ. ಸಾಯೂತನ." ಕೈ ಬಿಚ್ಚಿದಳು. ಬಯಲಿನ ತುಂಬ ರೆಕ್ಕೆಯ ಸದ್ದೆದ್ದಿತು. ಮನೆಗೆ ಬಂದರೆ ಮಗಳು ಗೋಡೆಯ ಬುಡದಲ್ಲಿ ನಿದ್ದೆಹೋಗಿದ್ದಳು. ಬೆಳಗ್ಗೆ ಎದ್ದು ರೊಟ್ಟಿ ಕೇಳಿದಳು.

ಕೊಟ್ಟ ಮಾತನ್ನು ಲಗಮವ್ವ ಉಳಿಸಿಕೊಂಡಳು. ಮಗಳ ಕಾಲ ಬಳಿ ಚೇಳು ಬಂದರೂ ಓಡಿಹೋಗಿ ಎಳೆಯುತ್ತಿದ್ದಳೇ ಹೊರತು ಕರೆಯುತ್ತಿರಲಿಲ್ಲ. ಮದುವೆಯಲ್ಲಿ ಬೀಗರು ಹೊಸ ಹೆಸರಿಟ್ಟರು. ಅದನ್ನೂ ನಾಲಗೆಗೆ ತರಲಿಲ್ಲ. ಆದರೆ ಪ್ರತಿವರ್ಷ ಹಕ್ಕಿ ಇಳಿದ ದಿನ ದಿನ್ನೆಯ ಮೇಲೆ ಹೋಗಿ ಕೂರುತ್ತಿದ್ದಳು. ಆ ಸಾವಿರ ಕೊರಳುಗಳ ಚಿಲಿಪಿಲಿಯಲ್ಲಿ ಮಗಳ ಹೆಸರು ಅವಳಿಗೊಬ್ಬಳಿಗೇ ಕೇಳುತ್ತಿತ್ತಂತೆ. ಮುಪ್ಪಿನಲ್ಲಿ, ಹಕ್ಕಿಗಳು ಬಂದ ಕಾಲಕ್ಕೇ ಹಾಸಿಗೆ ಹಿಡಿದಳು. ಮಗಳು ಗಂಡನ ಮನೆಯಿಂದ ಬಂದು ಪಕ್ಕದಲ್ಲಿ ಕುಳಿತು ಅತ್ತಳು. "ಯವ್ವಾ, ಎಲ್ಲಾರ ತಾಯಂದ್ರೂ ಕರೀತಾರ. ನಾ ಏನ್ ತಪ್ಪು ಮಾಡೀನಿ? ಒಮ್ಮೆ ಕರಿ." ಲಗಮವ್ವ ಬಾಯಿ ತೆರೆದಳು. ಹಿತ್ತಲಾಚೆಯ ಜೋಳದಲ್ಲಿ ಹಕ್ಕಿಗಳ ಗದ್ದಲ ಥಟ್ಟನೆ ನಿಂತಿತು. ಅವು ಕಿವಿಗೊಟ್ಟಿದ್ದವು. ಅವಳು ತನ್ನ ಬಾಯಿಯ ಮೇಲೆ ತಾನೇ ಅಂಗೈ ಒತ್ತಿಕೊಂಡಳು. ಪ್ರಾಣ ಹೋದ ಮೇಲೂ ಆ ಕೈಯನ್ನು ಬಿಡಿಸಲಾಗಲಿಲ್ಲ ಎನ್ನುತ್ತಾರೆ.

ದಿನ್ನೆಯ ಮೇಲೆಯೇ ಅವಳಿಗೆ ಮಣ್ಣು ಕೊಟ್ಟರು. ಆ ಮಗಳ ಹೆಸರೇನೆಂದು ಊರಲ್ಲಿ ಇಂದು ಯಾರಿಗೂ ಗೊತ್ತಿಲ್ಲ. ಜೋಳ ಕಾಳು ಕಟ್ಟುವ ಕಾಲದಲ್ಲಿ ನೀವು ಅತ್ತ ಹೋದರೆ ಒಂದು ನೋಟ ಕಾಣುತ್ತೀರಿ. ಮಕ್ಕಳು ಬೆಳೆಯೊಳಗೆ ಓಡಿ ಮರೆಯಾಗುತ್ತವೆ. ಹೊನ್ನಾಳಗಿಯ ತಾಯಂದಿರು ಯಾರೂ ಕೂಗುವುದಿಲ್ಲ. ಕೈಯಲ್ಲಿದ್ದ ಕೆಲಸ ಬಿಟ್ಟು, ದಂಟು ಸರಿಸುತ್ತ, ಮಾತಿಲ್ಲದೆ ಒಳಗೆ ಹೋಗಿ, ಮಗುವಿನ ರಟ್ಟೆ ಹಿಡಿದುಕೊಂಡೇ ಹೊರಬರುತ್ತಾರೆ.