ಬಂಡೆಯಾಚೆಯ ಪರಿಮಳ

ಒಂದು ಕುರುಚಲು ಕಾಡಿನಲ್ಲಿ ತುಂಬೆ ಎಂಬ ಮೊಲ ತನ್ನ ಅಜ್ಜಿಯ ಜೊತೆ ಮುಳ್ಳಿನ ಪೊದೆಯೊಂದರಲ್ಲಿ ವಾಸವಾಗಿತ್ತು. ಮಳೆಗಾಲದಲ್ಲಿ ಅದರ ಹಿಂಗಾಲಿಗೆ ಮುಳ್ಳು ಚುಚ್ಚಿ ಬಾವು ಬಂದಿತ್ತು. ಗಾಯ ಮಾಗಿದ ಮೇಲೂ ಅಜ್ಜಿ ದೂರ ಬಿಡಲಿಲ್ಲ. "ಹುತ್ತದವರೆಗೆ ಓಡು, ವಾಪಸ್ ಬಾ. ಕಾಲು ಗಟ್ಟಿಯಾಗಲಿ, ಆಮೇಲೆ ನೋಡೋಣ" ಎಂದಿತು. ವಾರಗಟ್ಟಲೆ ತುಂಬೆಯದು ಅಷ್ಟೇ ಓಟ. ಪೊದೆಯಿಂದ ಹುತ್ತ, ಹುತ್ತದಿಂದ ಪೊದೆ. ಆ ದಾರಿಯ ಕಲ್ಲುಗಳಿಗೂ ಅದರ ಮುಖ ನೋಡಿ ನೋಡಿ ಬೇಜಾರು ಬಂದಿರಬೇಕು!

ಆದರೆ ಹುತ್ತದ ಹತ್ತಿರ ಒಂದು ಸೋಜಿಗವಿತ್ತು. ಬಂಡೆಗಳ ಆಚೆಯಿಂದ ಘಮ್ಮೆನ್ನುವ ವಾಸನೆಯೊಂದು ಗಾಳಿಯಲ್ಲಿ ತೇಲಿ ಬರುತ್ತಿತ್ತು. ಹೂವಿನದಲ್ಲ, ಹಣ್ಣಿನದೂ ಅಲ್ಲ. ಕೆಲವು ದಿನ ಬರುತ್ತಿತ್ತು, ಕೆಲವು ದಿನ ಬರುತ್ತಲೇ ಇರಲಿಲ್ಲ. ತುಂಬೆ ಮೂಗು ಅರಳಿಸಿ ಯೋಚಿಸುತ್ತಿತ್ತು. ಏನಿರಬಹುದು ಅದು? ದಿನಾ ಯಾಕೆ ಬರುವುದಿಲ್ಲ? ಅಜ್ಜಿಯನ್ನು ಕೇಳಿದರೆ, "ಕಾಲು ನೆಟ್ಟಗಾದ ಮೇಲೆ ನೀನೇ ಹೋಗಿ ನೋಡುವಿಯಂತೆ" ಎನ್ನುತ್ತಿತ್ತು.

ಇದನ್ನೆಲ್ಲ ಬಾವುಗ ಎಂಬ ಕಾಡುಬೆಕ್ಕು ಗಮನಿಸುತ್ತಿತ್ತು. ತುಂಬೆಯ ಮೇಲೆ ಅದಕ್ಕೆ ಮೊದಲಿನಿಂದಲೂ ಕಣ್ಣು. ಆದರೆ ಅದು ಹಾರಿ ಬೀಳುವಷ್ಟರಲ್ಲಿ ಮೊಲ ಮುಳ್ಳಿನೊಳಗೆ ಮಾಯವಾಗುತ್ತಿತ್ತು. ಹಾಗೆ ಹಾರಿ ಮೂಗು ತರಚಿಕೊಂಡ ಮೇಲೆ ಬಾವುಗ ಬೇರೆ ಉಪಾಯ ಹೂಡಿತು. ಒಂದು ಸಂಜೆ ಬಂಡೆಯ ಮೇಲೆ ಸಾಧುವಿನ ಹಾಗೆ ಕೂತು ಮಾತು ತೆಗೆಯಿತು.

"ಏನಮ್ಮಾ ತುಂಬೆ, ಕಾಲು ವಾಸಿಯಾಯಿತಾ?"

ತುಂಬೆ ಪೊದೆಯ ಬಾಯಲ್ಲೇ ನಿಂತು, "ಆಯಿತು ಮಾವ. ನಾಳೆ ಅಜ್ಜಿ ಉದ್ದ ಓಟಕ್ಕೆ ಬಿಡ್ತಾಳೆ. ಆ ವಾಸನೆ ಎಲ್ಲಿಂದ ಬರುತ್ತೆ ಅಂತ ನೋಡ್ಕೊಂಡು ಬರ್ತೀನಿ" ಎಂದಿತು.

"ಭೇಷ್! ಅದು ಬರೋದು ಹಳ್ಳದ ದಂಡೆಯಿಂದ. ಆದರೆ ಒಂದು ಮಾತು ಕೇಳು. ದಾರೀಲಿ ಎಲ್ಲೂ ನಿಲ್ಲಬೇಡ. ಅಕ್ಕಪಕ್ಕ ನೋಡಬೇಡ. ಒಂದೇ ಉಸಿರಿಗೆ ಓಡು. ನಿಂತರೆ ವಾಸಿಯಾದ ಕಾಲು ಮತ್ತೆ ಹಿಡ್ಕೊಳ್ಳುತ್ತೆ."

ಎಂಥ ಅಕ್ಕರೆ ನೋಡಿ! ಬಾವುಗನ ಲೆಕ್ಕಾಚಾರವೇ ಬೇರೆ ಇತ್ತು. ಇಷ್ಟು ದಿನ ಗಿಡ್ಡ ಓಟ ಓಡಿದ ಮೊಲ ಅಷ್ಟು ದೂರ ಒಂದೇ ಸಮನೆ ಓಡಿದರೆ, ಹಳ್ಳ ತಲುಪುವಾಗ ಏದುಸಿರು ಬಿಡುತ್ತಿರುತ್ತದೆ. ಅಲ್ಲಿ ನುಸುಳಲು ಮುಳ್ಳಿನ ಪೊದೆಯೂ ಇಲ್ಲ. ಹುಲ್ಲಿನಲ್ಲಿ ಅಡಗಿ ಕೂತರೆ ಸಾಕು, ಊಟ ತಾನಾಗಿ ಬಾಯಿಗೆ ಬಂದು ಬೀಳುತ್ತದೆ.

ಮರುದಿನ ಬೆಳಗ್ಗೆ ಅಜ್ಜಿ ತುಂಬೆಯ ಕಾಲನ್ನು ಮೂಸಿ ನೋಡಿ ಹೇಳಿತು. "ಹೋಗಿ ಬಾ ಮಗಾ. ನಮ್ಮವರ ಪದ್ಧತಿ ಮಾತ್ರ ಮರೀಬೇಡ. ಉದ್ದ ಓಟಕ್ಕೆ ಹೋದಾಗ ದಾರೀಲಿ ಸಿಕ್ಕವರನ್ನೆಲ್ಲ ಮಾತಾಡಿಸಬೇಕು. ಮಾತಾಡೋಕೆ ಉಸಿರು ಸಾಲದಿದ್ದರೆ ಅತಿಯಾಗಿ ಓಡ್ತಾ ಇದೀಯ ಅಂತ ಅರ್ಥ."

ಹುತ್ತ ದಾಟಿದ್ದೇ ತುಂಬೆಗೆ ಖುಷಿ ತಡೆಯಲಾಗಲಿಲ್ಲ. ಬಾವುಗನ ಮಾತು ನೆನಪಾಗಿ ಜೋರಾಗಿ ಓಡಿತು. ಮರದ ಮೇಲಿನ ಅಳಿಲು, "ಎಲ್ಲಿಗೆ ಸವಾರಿ?" ಎಂದು ಕೇಳಿತು. ತುಂಬೆಯ ಬಾಯಿಂದ "ಹಾ... ಹಾ..." ಬಿಟ್ಟು ಬೇರೆ ಮಾತೇ ಬರಲಿಲ್ಲ. ಅಳಿಲು ಬಿದ್ದು ಬಿದ್ದು ನಕ್ಕಿತು. ತುಂಬೆಗೆ ನಾಚಿಕೆಯಾಯಿತು. ಅಜ್ಜಿಯ ಪದ್ಧತಿಯೇ ಸರಿ ಎಂದು ಓಟ ನಿಧಾನ ಮಾಡಿತು.

ಆಮೇಲೆ ನೋಡಿ, ಓಟದ ರುಚಿಯೇ ಬೇರೆಯಾಯಿತು! ಕಾಲಡಿಯ ಮಣ್ಣು ಒಂದು ಕಡೆ ತಣ್ಣಗೆ, ಇನ್ನೊಂದು ಕಡೆ ಬೆಚ್ಚಗೆ ಇತ್ತು. ಒಂದು ಬಂಡೆ ಕುಂಬಳಕಾಯಿಯ ಹಾಗೆ ಇತ್ತು, ಅದನ್ನು ಸುತ್ತು ಹಾಕಿ ನೋಡಿತು. ಗರಿಕೆ ಕಂಡಲ್ಲಿ ಒಂದೆರಡು ಎಳೆ ಕಚ್ಚಿತು. ಕಾಲು ನೋಯಲಿಲ್ಲ. ಇನ್ನೂ ಓಡು, ಇನ್ನೂ ನೋಡು ಎಂದು ಮನಸ್ಸು ಹಿಗ್ಗಿತು.

ಬಯಲಿನಲ್ಲಿ ಟಿಟ್ಟಿಭ ಹಕ್ಕಿಯೊಂದು ಮೊಟ್ಟೆಗಳ ಮೇಲೆ ಕಾವು ಕೂತಿತ್ತು.

"ಅಕ್ಕಾ, ಘಮಘಮ ಅನ್ನೋದು ಏನು?"

"ಹಳ್ಳದ ಪಕ್ಕದ ಮಜ್ಜಿಗೆ ಹುಲ್ಲು ಕಣೇ. ಸುಮ್ಮನೆ ನಿಂತಾಗ ಅಷ್ಟು ವಾಸನೆ ಬರಲ್ಲ. ಕಾಡೆಮ್ಮೆಗಳು ನೀರಿಗೆ ಬಂದು ತುಳಿದರೆ ಇಡೀ ಕಾಡಿಗೇ ಬರುತ್ತೆ."

"ಓಹೋ! ಅದಕ್ಕೇ ದಿನಾ ಬರಲ್ಲ! ಇವತ್ತು ಬಂದಿದ್ವಾ?"

"ಇಲ್ಲ. ನಿನ್ನೆಯೇ ಹಿಂಡು ಗುಡ್ಡ ಹತ್ತಿ ಹೋಯಿತು."

ತುಂಬೆ ಅದೂ ಇದೂ ಹರಟಿ ಮುಂದೆ ಹೊರಟಿತು. ಅತ್ತ ಬಾವುಗ ಬೆಳಗಿನಿಂದ ಮಜ್ಜಿಗೆ ಹುಲ್ಲಿನಲ್ಲಿ ಹೊಂಚು ಹಾಕಿ ಕೂತಿತ್ತು. ಬಿಸಿಲೇರಿತು. ಹೊಟ್ಟೆ ಚುರುಗುಟ್ಟಿತು. ಈ ಮೊಲ ಇನ್ನೂ ಯಾಕೆ ಬರಲಿಲ್ಲ? ಆ ಮಗ್ಗುಲಿಗೆ ಹೊರಳಿತು, ಈ ಮಗ್ಗುಲಿಗೆ ಹೊರಳಿತು. ಹೊರಳಿದಾಗಲೆಲ್ಲ ಮೈಯಡಿಯ ಹುಲ್ಲು ಜಜ್ಜಿಹೋಯಿತು.

ಹಳ್ಳ ಇನ್ನೂ ದೂರವಿರುವಾಗಲೇ ತುಂಬೆಯ ಮೂಗಿಗೆ ವಾಸನೆ ಬಡಿಯಿತು. ಹಿಂದೆಂದೂ ಇಷ್ಟು ಗಾಢವಾಗಿರಲಿಲ್ಲ. ತುಂಬೆ ಅಲ್ಲೇ ನಿಂತಿತು. ಕಾಡೆಮ್ಮೆಗಳು ಬಂದಿಲ್ಲ. ಹಾಗಾದರೆ ಹುಲ್ಲು ತುಳಿದವರು ಯಾರು? ಪಕ್ಕದ ದಿಣ್ಣೆ ಹತ್ತಿ ಕಿವಿ ನಿಮಿರಿಸಿ ಕೆಳಗೆ ನೋಡಿತು. ಎಲ್ಲ ಹುಲ್ಲೂ ಅಲ್ಲಾಡದೆ ನಿಂತಿತ್ತು. ಒಂದು ಕಡೆ ಮಾತ್ರ ಅಲುಗುತ್ತಿತ್ತು. ಅದರ ನಡುವೆ ಬಾವುಗನ ಕಪ್ಪು ಪಟ್ಟೆಯ ಬಾಲದ ತುದಿ! ಎಲ್ಲೂ ನಿಲ್ಲಬೇಡ ಎಂದು ಬಾವುಗ ಹೇಳಿದ್ದು ಯಾಕೆಂದು ಆಗ ತಿಳಿಯಿತು.

"ಮಾವಾ, ಕಾದು ಕಾದು ಸಾಕಾಯಿತಾ?" ಎಂದು ದಿಣ್ಣೆಯಿಂದಲೇ ಕೂಗಿತು.

ಬಾವುಗ ರೋಷದಿಂದ ಹಾರಿತು. ಆದರೆ ಮುದುರಿ ಕೂತ ಕಾಲುಗಳು ಜೋಮು ಹಿಡಿದಿದ್ದವು. ತುಂಬೆಯ ಎದೆಯಲ್ಲಿ ಉಸಿರು ಬೇಕಾದಷ್ಟಿತ್ತು. ಅದು ದಿಣ್ಣೆಯ ಬದಿಯಿಂದ ಇಳಿದು, ಕಿರಿದಾದ ಕಡೆ ಹಳ್ಳವನ್ನು ಚಂಗನೆ ನೆಗೆಯಿತು. ಹಿಂದೆ ನೆಗೆದ ಬಾವುಗ ಕೆಸರಿನಲ್ಲಿ ಕುತ್ತಿಗೆಯವರೆಗೆ ಹೂತುಕೊಂಡಿತು. ತುಂಬೆ ಬೇರೆ ದಾರಿ ಹಿಡಿದು, ಆ ದಾರಿಯನ್ನೂ ನೋಡುತ್ತ, ಆರಾಮವಾಗಿ ಮನೆ ಸೇರಿತು.

ಬಾವುಗ ಹೇಗೋ ಕೆಸರಿನಿಂದ ಎದ್ದು ಬಂತು. ಕೆಸರನ್ನು ನೆಕ್ಕಿ ನೆಕ್ಕಿ ತೆಗೆಯಿತು. ಆದರೆ ಮೈಗೆ ಅಂಟಿದ ಮಜ್ಜಿಗೆ ಹುಲ್ಲಿನ ಘಮಲು ಹೋಗಲಿಲ್ಲ. ಅದು ಎಲ್ಲಿ ಹೊಂಚು ಹಾಕಿದರೂ ಇಲಿಗಳು ಮೂಗೆತ್ತಿ ಬಿಲ ಸೇರಿದವು. ಬಾವುಗ ಎಷ್ಟೋ ದಿನ ಉಪವಾಸ ಬಿತ್ತು.

ಒಮ್ಮೆ ಪೊದೆಯ ಪಕ್ಕದಲ್ಲೇ ಆ ವಾಸನೆ ಬಂದಾಗ ತುಂಬೆ ಪೊದೆಯೊಳಗೆ ಸರಿದು ಕಿಸಕ್ಕನೆ ನಕ್ಕಿತು. "ಅಜ್ಜಿ, ನೋಡು ಬಾ. ಮಜ್ಜಿಗೆ ಹುಲ್ಲು ತಾನೇ ನಡ್ಕೊಂಡು ನಮ್ಮ ಮನೆಗೆ ಬಂದಿದೆ!"

ನೀತಿ: ಉಸಿರುಗಟ್ಟಿ ಓಡುವವನಿಗೆ ದಾರಿಯ ಸೊಗಸೂ ಕಾಣುವುದಿಲ್ಲ, ಅಪಾಯವೂ ಕಾಣುವುದಿಲ್ಲ, ಮೋಸದಿಂದ ಹೊಂಚು ಹಾಕುವವನನ್ನು ಅವನ ಹೊಂಚೇ ಹಿಡಿದುಕೊಡುತ್ತದೆ.